ಕೈಮಾಗೆ ಸೋಯಾ ಬೆರೆತಾಗ

ಮಾರಿ ಉಳಿದದ್ದು ಮಾತ್ರ ಮನೆಗೆ. ಮಾಂಸದಂಗಡಿಯ ಯಜಮಾನರ ಪದ್ಧತಿ ಅದು. ವ್ಯಾಪಾರ ಜೋರಾದ ದಿನ ಮನೆಗೆ ಬರುತ್ತಿದ್ದುದು ಒಂದು ಹಿಡಿ ಕೈಮಾ. ತಿನ್ನುವ ಬಾಯಿ ಐದು.

ಅವರ ಹೆಂಡತಿ ಸೊಂಟ ಮುರಿದುಕೊಂಡು ಕಿಟಕಿಯ ಪಕ್ಕ ಮಲಗಿದ್ದರು. ಮೂಳೆ ಕೂಡಿತ್ತು, ಕಾಲುಗಳು ಮಾತ್ರ ಬತ್ತಿ ಕಡ್ಡಿಯಾಗಿದ್ದವು. ಪರದೆ ಮೆಲ್ಲಗೆ ಉಬ್ಬಿ ಇಳಿಯುವುದನ್ನು ನೋಡುತ್ತಾ, "ಈಗಷ್ಟೇ ಕನಸಲ್ಲಿ ನಡೀತಿದ್ದೆ ಕಣ್ರೀ" ಎನ್ನುತ್ತಿದ್ದರು. ಯಜಮಾನರು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದರು.

ಒಂದು ಸಂಜೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೊಸೆ ಕೈಮಾಗೆ ಏನನ್ನೋ ಕಲಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ಏನಮ್ಮಾ ಅದು?"

"ಸೋಯಾ ಕಾಳು, ಮಾವ. ಬೇಯಿಸಿ, ನೀರು ಬಸಿದು, ಜಜ್ಜಿದೀನಿ. ಕೈಮಾ ಅರ್ಧ, ಇದು ಅರ್ಧ."

"ನಲವತ್ತು ವರ್ಷ ಕೈಮಾಗೆ ಏನೂ ಬೆರೆಸಿದವನಲ್ಲ ನಾನು. ನನ್ನ ಮನೇಲೇ ಕಲಬೆರಕೆನಾ?"

"ಹೇಳದೆ ಬೆರೆಸಿ ಮಾರಿದ್ರೆ ಕಲಬೆರಕೆ. ಹೇಳಿ ಬೆರೆಸಿದ್ರೆ ಅಡುಗೆ."

"ಸರಿಯಾಗಿ ಕೊಟ್ಟಳು!" ಒಳಗಿನಿಂದ ಹೆಂಡತಿಯ ನಗು ಕೇಳಿಸಿತು.

"ಕಾಳು ಎಲ್ಲಾದರೂ ಮಾಂಸಕ್ಕೆ ಸಮ ಆಗುತ್ತಾ?"

"ಮೈ ಕಟ್ಟೋ ಪ್ರೋಟೀನಿನ ಅಂಶ ಎಲ್ಲಾ ಸೋಯಾದಲ್ಲಿದೆ ಮಾವ. ಒಂದೆರಡು ಮಾತ್ರ ಸ್ವಲ್ಪ ಕಮ್ಮಿ. ಅದನ್ನ ಮಾಂಸ ತುಂಬುತ್ತೆ. ಒಂದು ಹಿಡಿ ಎರಡು ಹಿಡಿ ಆದ್ರೂ ಗುಣ ಕೆಡಲ್ಲ. ಅತ್ತೆಗೆ ದಿನಾ ಸಿಗುತ್ತೆ."

ಯಜಮಾನರು ಮುಖ ತಿರುಗಿಸಿದರು. ಆದರೆ ಊಟದ ಹೊತ್ತಿಗೆ ಅವರ ಕಣ್ಣು ಹೆಂಡತಿಯ ತಟ್ಟೆಯ ಮೇಲೇ ಇತ್ತು. ದಿನವೂ ತನ್ನ ಪಾಲನ್ನು ಮೊಮ್ಮಕ್ಕಳ ತಟ್ಟೆಗೆ ಸರಿಸುತ್ತಿದ್ದಾಕೆ ಅಂದು ಎಲ್ಲವನ್ನೂ ತಾನೇ ತಿಂದರು.

"ಮೆತ್ತಗಿದೆ ಕಣ್ರೀ. ಮಕ್ಕಳಿಗೂ ಸಾಕಷ್ಟಿದೆಯಲ್ಲ, ಅದಕ್ಕೇ ಗಂಟಲಲ್ಲಿ ಇಳೀತು."

ಯಜಮಾನರ ಕೈಯ ತುತ್ತು ಅಲ್ಲೇ ನಿಂತಿತು. ಆಮೇಲೆ ತಮ್ಮ ತಟ್ಟೆಯನ್ನೂ ಸೊಸೆಯ ಕಡೆ ಚಾಚಿದರು.

ದಿನವೂ ಆ ಊಟ, ಸೊಸೆ ಹೇಳಿಕೊಟ್ಟ ಕಾಲಿನ ವ್ಯಾಯಾಮ. ತಿಂಗಳುಗಳು ಮೋಡದಂತೆ ಸರಿದವು. ಒಂದು ಬೆಳಿಗ್ಗೆ ಆಕೆ ಗೋಡೆ ಹಿಡಿದು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹಬೆಯ ನಡುವೆ ಆ ರೂಪ ಕಂಡು ಯಜಮಾನರ ಕೈಗಳು ತಾವಾಗಿಯೇ ಮುಗಿದವು.

"ಕೈ ಮುಗಿದದ್ದು ಸಾಕು, ಒಂದು ಕುರ್ಚಿ ಎಳೀರಿ" ಎಂದರು ಆಕೆ.

ತಾಯಂದಿರೇ, ಅಣ್ಣಂದಿರೇ, ಮಾಂಸ ಸ್ವಲ್ಪವೇ ಇದೆಯೆಂದು ಕೊರಗಬೇಡಿ. ಚೆನ್ನಾಗಿ ಬೆಂದ ಸೋಯಾ ಬೆರೆಸಿ; ಹಸಿ ಕಾಳು ಬೇಡ, ಅದು ಸರಿಯಾಗಿ ಜೀರ್ಣವಾಗದು. ಸೋಯಾ ಒಗ್ಗದವರು ವೈದ್ಯರನ್ನು ಕೇಳಿ. ನಮ್ಮವರು ಕಣ್ಣೆದುರು ಇರುವಾಗಲೇ ಅವರ ತಟ್ಟೆ ತುಂಬೋಣ.