ಎರಡೆರಡು ಸಿಡಿಗಳ ಮನೆ

ಪೆಟ್ಟಿಗೆಯ ಮೇಲೆ ಕಾಲಿಟ್ಟೆ. ಡೆಸ್‌ನ ಕೈಯಲ್ಲಿದ್ದ ಅಂಟಿಸುವ ಟೇಪು ಅರ್ಧಕ್ಕೇ ನಿಂತಿತು.

"ಕಾಲು ತೆಗಿ, ಗ್ಲೆನ್."

"ನೀನು ಮೊದಲು ಟೇಪು ಕೆಳಗಿಡು."

"ಬೂಟು ಕೂಡ ಬಿಚ್ಚಿಲ್ಲ ನೀನು. ಕಾರ್ಪೆಟ್ಟೆಲ್ಲ ಮೀನು ವಾಸನೆ."

"ಒಂಬತ್ತು ವರ್ಷದಿಂದ ಇದೇ ವಾಸನೆ ಕಣೋ. ಇವತ್ತು ಹೊಸದಾಗಿ ಮೂಗು ಬಂತಾ?"

ಅವನು ನಗಲಿಲ್ಲ. ಸಾಮಾನ್ಯವಾಗಿ ನಗುತ್ತಾನೆ. ನನ್ನ ಮಾತಿಗೆ ನಗುವುದೊಂದೇ ಅವನು ತಪ್ಪದೆ ಮಾಡುವ ಕೆಲಸ.

ಶನಿವಾರ ನಾನು ಎರಡು ಗಂಟೆಗೆ ಮುಂಚೆ ಮನೆಗೆ ಬರುವುದಿಲ್ಲ. ಅದು ಡೆಸ್‌ಗೆ ಗೊತ್ತು. ಇವತ್ತು ಮೀನಿನ ತುಂಡುಗಳಿಗೆ ಬ್ರೆಡ್ಡಿನ ಪುಡಿ ಹಚ್ಚುವ ಯಂತ್ರ ಕೆಟ್ಟು ನಿಂತು, ಕಾರ್ಖಾನೆಯಿಂದ ನಮ್ಮನ್ನೆಲ್ಲ ಬೇಗ ಕಳಿಸಿಬಿಟ್ಟರು. ಅದು ಡೆಸ್‌ಗೆ ಗೊತ್ತಿರಲಿಲ್ಲ. ಬಾಗಿಲು ತೆಗೆದಾಗ ಮೊದಲು ಕೇಳಿಸಿದ್ದು ಮುಂದಿನ ಕೋಣೆಯಿಂದ ಬರುತ್ತಿದ್ದ 'ಪೀಂ' ಎಂಬ ಸಣ್ಣ ಸದ್ದು. ಆಸ್ಪತ್ರೆಯಲ್ಲಿ ಹೃದಯದ ಪಕ್ಕ ಇಟ್ಟ ಯಂತ್ರದ ಹಾಗೆ, ಒಂದಾದ ಮೇಲೊಂದು. ನನ್ನ ಹೆಜ್ಜೆ ಕೇಳಿದ್ದೇ ಸದ್ದು ನಿಂತಿತು. ಒಳಗೆ ಹೋದರೆ ಡೆಸ್ ನೆಲದ ಮೇಲೆ ಕೂತಿದ್ದಾನೆ, ಫೋನನ್ನು ಮುಖ ಕೆಳಗಾಗಿ ಕಾರ್ಪೆಟ್ಟಿನ ಮೇಲೆ ಮಲಗಿಸಿದ್ದಾನೆ, ಎದುರಿಗಿದ್ದ ಆಲೂಗಡ್ಡೆ ಚಿಪ್ಸಿನ ಖಾಲಿ ಪೆಟ್ಟಿಗೆ ಈಗ ಖಾಲಿಯಿಲ್ಲ.

"ಏನಿದೆ ಇದರಲ್ಲಿ?"

"ಹಳೇ ಸಿಡಿ, ಡಿವಿಡಿ. ಈಗ ಯಾರು ಹಾಕ್ತಾರೆ ಅದನ್ನ? ಮಾರ್ತಿದೀನಿ. ಫೋನಲ್ಲಿ ಬಾರ್‌ಕೋಡ್ ತೋರಿಸಿದ್ರೆ ಅದೇ ಬೆಲೆ ಹೇಳುತ್ತೆ. ಪಾರ್ಸಲ್‌ನವರು ಮನೆಗೇ ಬಂದು ತಗೊಂಡು ಹೋಗ್ತಾರೆ. ಇನ್ನೇನು ಬರ್ತಾರೆ."

"ನೀನಾ? ಮಾರೋದಾ?"

ಹಿತ್ತಲಿನ ಶೆಡ್ಡಿನಲ್ಲಿ ಮಾರ್ಗರಿನ್ ಬೆಣ್ಣೆಯ ಖಾಲಿ ಡಬ್ಬಿಗಳನ್ನು ತೊಳೆದು ಒಂದರೊಳಗೊಂದು ಇಟ್ಟುಕೊಂಡಿರುವ ಮನುಷ್ಯ ಇವನು. ಕಳೆದ ವರ್ಷ ಸುಟ್ಟುಹೋದ ಟೋಸ್ಟರನ್ನು ಎಸೆಯಲು ಹೋದರೆ, ಅದರ ವೈರು ಒಳ್ಳೆಯದಿದೆ ಎಂದು ಕಸದ ತೊಟ್ಟಿಯಿಂದ ವಾಪಸು ತಂದ. ಅಂಥವನು ನಾನಿಲ್ಲದ ಹೊತ್ತು ನೋಡಿ, ಗಡಿಯಾರ ನೋಡಿ, ಗೋಡೆಯ ಕಪಾಟು ಖಾಲಿ ಮಾಡುತ್ತಿದ್ದಾನೆ.

ಸಿಡಿಗಳು ಮನೆ ಬಿಡುವುದರ ಅರ್ಥ ನನಗೆ ಗೊತ್ತು. ಟ್ರೆವರ್, ನನ್ನ ಗಂಡನಾಗಿದ್ದವನು, ನನ್ನನ್ನು ಬಿಟ್ಟುಹೋಗುವ ಮುಂಚಿನ ವಾರ ಅವನ ಸಿಡಿಗಳು ದಿನಕ್ಕಿಷ್ಟರಂತೆ ಕಾರಿಗೆ ಹೋದವು. ಬಟ್ಟೆ ಹೋಗಲಿಲ್ಲ. ಷೇವಿಂಗ್ ಬ್ರಷ್ಷು ಹೋಗಲಿಲ್ಲ. "ಡ್ರೈವ್ ಮಾಡ್ತಾ ಕೇಳೋಕೆ" ಅಂದ, ನಂಬಿದೆ. ಕಾರಿನ ಪ್ಲೇಯರ್ ಕೆಟ್ಟು ವರ್ಷವಾಗಿತ್ತೆಂಬುದು ಅವನು ಹೋದ ಮೇಲೆ ನೆನಪಾಯಿತು. ಆಮೇಲೆ ವಕೀಲರ ಮುಂದೆ ಯಾವುದು ಯಾರದು ಎಂಬ ಜಗಳ ಶುರುವಾಗಿ, ನನ್ನವುಗಳ ಬೆನ್ನಿಗೆಲ್ಲ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಒಂದೊಂದು ಚುಕ್ಕೆ ಇಟ್ಟೆ. ಆ ಚುಕ್ಕೆಗಳ ಸಮೇತವೇ ಡೆಸ್‌ನ ಮನೆಗೆ ಬಂದೆ.

ವಯಸ್ಸಾದ ಇಬ್ಬರು ಒಂದೇ ಮನೆಯಲ್ಲಿರಲು ತೀರ್ಮಾನಿಸಿದಾಗ ನಮ್ಮೂರು ಗ್ರಿಮ್ಸ್‌ಬಿಯಲ್ಲಿ ಮಾಡುವ ಒಂದು ಕೆಲಸವಿದೆ. ಇಬ್ಬರ ಸಿಡಿಗಳನ್ನೂ ಒಂದೇ ಕಪಾಟಿನಲ್ಲಿ ಜೋಡಿಸುತ್ತಾರೆ. ಎರಡೆರಡು ಇದ್ದರೆ ಒಂದನ್ನು ದಾನಕ್ಕೆ ಬಂದ ಹಳೇ ಸಾಮಾನು ಮಾರುವ ಅಂಗಡಿಗೆ ಕೊಡುತ್ತಾರೆ. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಮನೆಗೆ ಬಂದವರು ಕೋಟು ಬಿಚ್ಚುತ್ತ ಕಪಾಟಿನ ಕಡೆ ಕಣ್ಣು ಹಾಯಿಸುತ್ತಾರೆ. ನಾವು ಕೊಡಲಿಲ್ಲ. ನಾಳೆ ಕೊಡೋಣ ಎಂದೆವು, ಕ್ರಿಸ್‌ಮಸ್ ಕಳೀಲಿ ಎಂದೆವು. ಹಿತ್ತಾಳೆ ವಾದ್ಯದವರ ಕ್ರಿಸ್‌ಮಸ್ ಹಾಡುಗಳು ಎರಡು, ತೋಟಗಾರಿಕೆಯ ಡಿವಿಡಿ ಎರಡು, ಒಬ್ಬ ಬೋಳುತಲೆಯ ಹಾಸ್ಯಗಾರನ ಪ್ರದರ್ಶನ ಎರಡು. ಒಂದಕ್ಕೆ ಕೆಂಪು ಚುಕ್ಕೆ, ಒಂದಕ್ಕೆ ಇಲ್ಲ. ಹೀಗೆ ಅವು ಭುಜಕ್ಕೆ ಭುಜ ತಾಗಿಸಿ ಒಂಬತ್ತು ವರ್ಷ ನಿಂತಿದ್ದವು.

"ಎರಡೆರಡು ಇಟ್ಕೊಂಡಿದೀರ ಅಂದ್ರೆ ಇಬ್ರೂ ಬಾಗಿಲ ಕಡೆ ಒಂದು ಕಣ್ಣಿಟ್ಟಿದೀರ ಅಂತ ಅರ್ಥ" ಎಂದು ನಾರ್ಮಾ ಹೇಳುತ್ತಾಳೆ. ಕಾರ್ಖಾನೆಯ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವವಳು, ಎರಡು ಸಲ ಗಂಡನನ್ನು ಬಿಟ್ಟವಳು. "ಅವನದು ಅಂತ ಮನೆ ಇದೆ. ನಿನ್ನದೇನಿದೆ? ಮದುವೆ ಉಂಗುರ ಹಾಕಿಸ್ಕೊಳ್ಳೇ. ಇಲ್ಲಾಂದ್ರೆ ಆ ಮನೇಲಿ ನೀನು ಬೆಕ್ಕಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ."

ಅವಳು ಹೇಳುವುದು ನಿಜ. ಈ ಮನೆ ಡೆಸ್‌ಗೆ ಅವನ ತಾಯಿಯಿಂದ ಬಂದದ್ದು. ನಾನು ಕೌನ್ಸಿಲ್‌ನವರು ಕಡಿಮೆ ಬಾಡಿಗೆಗೆ ಕೊಟ್ಟಿದ್ದ ಫ್ಲ್ಯಾಟಿನ ಬೀಗದ ಕೈ ವಾಪಸು ಕೊಟ್ಟು ಬಂದವಳು. ಅದು ಮತ್ತೆ ಸಿಗುವುದಿಲ್ಲ. ನಮಗೆ ಮದುವೆಯಾಗಿಲ್ಲ. ಡೆಸ್ ನಾಳೆ ಬೆಳಿಗ್ಗೆ ಟೀ ಕಪ್ಪು ಕೈಗೆ ಕೊಟ್ಟು "ಹೊರಡು" ಎಂದರೆ ನಾನು ಆ ಟೀ ಕುಡಿದು ಹೊರಡಬೇಕು. ನನಗೆ ಐವತ್ತೆಂಟು.

ಬಗ್ಗಿ ಟೇಪು ಕಿತ್ತೆ. ಡೆಸ್ "ಅಯ್ಯೋ, ಈಗ ತಾನೇ ಹಚ್ಚಿದ್ದು" ಎಂದ. ಮೇಲೆ ಇದ್ದದ್ದು ಹಿತ್ತಾಳೆ ವಾದ್ಯ. ಕೆಂಪು ಚುಕ್ಕೆ. ಅದರ ಕೆಳಗೆ ತೋಟಗಾರಿಕೆ. ಕೆಂಪು ಚುಕ್ಕೆ. ಕೈ ಹಾಕಿ ತಳದಿಂದ ಒಂದು ಹಿಡಿ ಎತ್ತಿದೆ. ಕೆಂಪು, ಕೆಂಪು, ಕೆಂಪು. ಪೆಟ್ಟಿಗೆಗೆ ಸಿಡುಬು ಬಂದಂತಿತ್ತು.

"ಎಲ್ಲಾ ನಂದೇ" ಅಂದೆ.

"ಎರಡೆರಡು ಇದ್ದಿದ್ದು ಮಾತ್ರ."

"ಎರಡೆರಡು ಇದ್ದಿದ್ರಲ್ಲಿ ನಂದು ಮಾತ್ರ. ನಿಂದು ಒಂದಾದ್ರೂ ಇದೆಯಾ ಇದರಲ್ಲಿ?"

"ಅದು ಫೋನಿನ ಕೆಲಸ ಕಣೇ, ನಂದಲ್ಲ." ಫೋನನ್ನು ಮೇಲಕ್ಕೆ ತಿರುಗಿಸಿದ. ಮುಖದ ಮೇಲೆ ಈಗ ಸ್ವಲ್ಪ ನೆಮ್ಮದಿ ಕಾಣಿಸಿತು. ಉತ್ತರ ಸಿಕ್ಕ ಹುಡುಗನ ನೆಮ್ಮದಿ. "ನಂದೆಲ್ಲ ಲೈಬ್ರರಿಯವರು ತೆಗೆದುಹಾಕಿದಾಗ ತಂದಿದ್ದು. ಬಾರ್‌ಕೋಡ್ ಮೇಲೆ ಅವರ ಚೀಟಿ ಅಂಟಿದೆ, ಒಳಗೆ ಮುದ್ರೆ ಇದೆ. ಲೈಬ್ರರಿ ಮಾಲು ಈ ಕೊಳ್ಳೋ ಕಂಪನಿಯವರು ಮುಟ್ಟಲ್ಲ. ಕಳಿಸಿದ್ರೂ ವಾಪಸು ಕೊಡಲ್ಲ, ನಾಶ ಮಾಡ್ತಾರೆ. ಹಂಗಾಗಿ ನಿಂದು ಹೋಗ್ಬೇಕಾಯ್ತು. ಬೇಕಾದ್ರೆ ನೋಡು."

"ಕೊಡಿಲ್ಲಿ."

ಫೋನು ಅವನ ಕೈಯಿಂದ ಕಿತ್ತುಕೊಂಡೆ. ಅದರ ಪರದೆಯಲ್ಲಿ ಒಂದು ಚೌಕ, ಚೌಕದ ಮಧ್ಯೆ ನಡುಗುವ ಕೆಂಪು ಗೆರೆ. ಕಪಾಟಿನಲ್ಲಿ ಉಳಿದಿದ್ದ ಅವನ ಹಿತ್ತಾಳೆ ವಾದ್ಯವನ್ನು ತೆಗೆದು ಗೆರೆಗೆ ತೋರಿಸಿದೆ. ಲೈಬ್ರರಿಯ ಚೀಟಿ ಹಳದಿಯಾಗಿ ಗಟ್ಟಿಯಾಗಿ ಕೂತಿತ್ತು. ಗುರುತು ಸಿಗಲಿಲ್ಲ ಎಂದಿತು ಫೋನು. ತೋಟಗಾರಿಕೆ ತೋರಿಸಿದೆ. ಗುರುತು ಸಿಗಲಿಲ್ಲ. ಮೂರನೆಯದೂ ಹಾಗೆಯೇ.

"ನೋಡಿದ್ಯಾ? ನಾನೇನು ಕಳ್ಳನಾ?" ಎಂದ ಡೆಸ್. "ಟೀ ಇಡ್ಲಾ?"

ಟೀ ಇಡು ಎಂದು ಹೇಳಬೇಕಿತ್ತು. ಭುಜ ಆಗಲೇ ಅರ್ಧ ಇಂಚು ಇಳಿದಿತ್ತು. ಆದರೆ ಕೈ ಕೇಳಲಿಲ್ಲ. ಬಡಿದು ನೋಡಿದ ಗೋಡೆಯನ್ನು ಇನ್ನೊಂದು ಕಡೆ ಬಡಿಯದೆ ಬಿಡಲಾರದ ಕೈ ನನ್ನದು, ಟ್ರೆವರ್ ಮಾಡಿಕೊಟ್ಟದ್ದು. ಕೆಳಗಿನ ಸಾಲಿನಿಂದ ಬೋಳುತಲೆಯ ಹಾಸ್ಯಗಾರನನ್ನು ಎಳೆದೆ. ಹಿಂದೆ ತಿರುಗಿಸಿದೆ. ಚೀಟಿ ಇಲ್ಲ. ಒಳಗೆ ಮುದ್ರೆ ಇಲ್ಲ. ಗೆರೆಗೆ ತೋರಿಸಿದೆ.

ಪೀಂ.

ನಲವತ್ತು ಪೆನ್ಸ್ ಎಂದಿತು ಫೋನು. ಪೆಟ್ಟಿಗೆಯಲ್ಲಿ ಹುಡುಕಿ ನನ್ನ ಹಾಸ್ಯಗಾರನನ್ನು ತೆಗೆದು ತೋರಿಸಿದೆ. ಅದಕ್ಕೂ ನಲವತ್ತೇ.

"ಡೆಸ್, ಇದಕ್ಕೆ ಲೈಬ್ರರಿ ಚೀಟಿ ಎಲ್ಲಿ?"

"ಅದು... ಅದು ನಾನು ಅಂಗಡೀಲಿ ಕೊಂಡಿದ್ದು."

"ಹಂಗಾದ್ರೆ ಇದನ್ನ ಹಾಕ್ಬಹುದಿತ್ತು."

"ಹಾಕ್ಬಹುದಿತ್ತು."

"ನಂದು ಯಾಕೆ ಹೋಯ್ತು?"

"ನಂದರ ಮುಚ್ಚಳ ಚೆನ್ನಾಗಿದೆ."

ನನ್ನದರ ಮುಚ್ಚಳ ತೆರೆದು, ಮುಚ್ಚಿ, ಮತ್ತೆ ತೆರೆದೆ. ಕಟ್ ಎಂದು ಶುದ್ಧವಾಗಿ ಸದ್ದು ಮಾಡಿತು. ಅವನದನ್ನು ತೆರೆದೆ. ಅದರ ಮುಚ್ಚಳ ಸಿಕ್ಕಿಸುವ ಒಂದು ಕಿವಿ ಮುರಿದಿತ್ತು. ಇಬ್ಬರೂ ಆ ಮುರಿದ ಕಿವಿಯನ್ನು ನೋಡಿದೆವು. ಕಪಾಟಿನಲ್ಲಿ ಹುಡುಕಿದರೆ ಚೀಟಿಯಿಲ್ಲದ ಅವನವು ಇನ್ನೂ ಕೆಲವು ಸಿಕ್ಕವು. ಒಂದೊಂದಕ್ಕೂ ಫೋನು ಪೀಂ ಎಂದಿತು. ಪ್ರತಿಯೊಂದರ ಜೊತೆಯದೂ ಪೆಟ್ಟಿಗೆಯೊಳಗೆ, ಚುಕ್ಕೆ ಹೊತ್ತುಕೊಂಡು.

"ನೇರವಾಗಿ ಹೇಳಿಬಿಡು" ಅಂದೆ. ನನ್ನ ದನಿ ನನಗೇ ಪಕ್ಕದ ಮನೆಯಿಂದ ಬಂದಂತೆ ಕೇಳಿಸಿತು. "ನಾನು ಹೊರಡ್ಬೇಕಾ? ಯಾರಾದ್ರೂ ಬರ್ತಿದಾಳಾ?"

"ಹೊರಡೋದಾ?" ಡೆಸ್ ಬಾಯಿ ತೆರೆದೇ ಕೂತ. "ನಿನಗೆ ತಲೆ ಕೆಟ್ಟಿದೆಯಾ? ಉಲ್ಟಾ ಕಣೇ, ಪೂರ್ತಿ ಉಲ್ಟಾ! ಪಬ್ಬಿನಲ್ಲಿ ಎಲ್ರೂ ನನ್ನ ಕಾಲೆಳೀತಾರೆ. ಒಂಬತ್ತು ವರ್ಷ ಆಯ್ತು, ಇನ್ನೂ ಎರಡೆರಡು, ಯಾರು ಮೊದಲು ಓಡ್ತಾರೆ ಅಂತ ಪಂದ್ಯ ಕಟ್ಟಿದೀರಾ ಅಂತಾರೆ. ಸರಿ, ಒಂದೊಂದೇ ಮಾಡೋಣ, ಕಪಾಟು ಎಲ್ಲರ ಮನೇಲಿರೋ ಹಾಗೆ ಇರ್ಲಿ, ಆಮೇಲೆ ನಿನ್ನನ್ನ ಕೇಳೋಣ ಅಂದ್ಕೊಂಡೆ."

"ಏನು ಕೇಳೋದು?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಾರ್ಸಲ್‌ನವಳು. ಹಳದಿ ಜಾಕೆಟ್ಟು, ಕಿವಿಗೆ ಸಿಗರೇಟು ಸಿಕ್ಕಿಸಿಕೊಂಡ ದಪ್ಪ ಹೆಂಗಸು. ನಾನು ಒಳಬರುವಾಗ ಬಾಗಿಲನ್ನು ಸರಿಯಾಗಿ ಹಾಕಿರಲಿಲ್ಲ. ಅವಳು ತಳ್ಳಿಕೊಂಡು ಕೋಣೆಯ ಹೊಸ್ತಿಲಿಗೇ ಬಂದಳು.

"ಪೆಟ್ಟಿಗೆ ರೆಡಿನಾ ಚಿನ್ನಾ? ಅಯ್ಯಯ್ಯೋ, ಇದೇನಿದು, ಇನ್ನೂ ಬಾಯಿ ತೆರಕೊಂಡು ಕೂತಿದೆ!"

"ಒಂದೇ ನಿಮಿಷ" ಎಂದ ಡೆಸ್, ಟೇಪಿನ ತುದಿಯನ್ನು ಉಗುರಿನಿಂದ ಕೆರೆಯುತ್ತ.

"ಒಂದೇ ನಿಮಿಷ ಅಂದವರ ಮನೇಲೇ ನನ್ನ ಅರ್ಧ ಆಯುಷ್ಯ ಹೋಯ್ತು. ಬೇಗ ಚಿನ್ನಾ, ಗಾಡಿ ಬಸ್ ಸ್ಟಾಪಲ್ಲಿ ನಿಲ್ಸಿದೀನಿ."

ನಾನು ಅವಳ ಕಡೆ ತಿರುಗಲಿಲ್ಲ. "ಡೆಸ್, ನನ್ನನ್ನ ನೋಡು. ಇವತ್ತು ಕಾರ್ಖಾನೇಲಿ ಯಂತ್ರ ಕೆಟ್ಟಿರಲಿಲ್ಲ ಅಂದ್ಕೋ. ನಾನು ಎರಡು ಗಂಟೆಗೆ ಬಂದೆ ಅಂದ್ಕೋ. ಪೆಟ್ಟಿಗೆ ಹೋಗಿಬಿಟ್ಟಿರ್ತಿತ್ತು. ಆಗ ನನಗೆ ಏನು ಹೇಳ್ತಿದ್ದೆ?"

ಅವನು ಯೋಚಿಸಿದ. ಪ್ರಾಮಾಣಿಕವಾಗಿ ಯೋಚಿಸಿದ, ಅದನ್ನು ಒಪ್ಪುತ್ತೇನೆ.

"ಏನೂ ಹೇಳ್ತಿರಲಿಲ್ಲ. ಹೇಳೋದೇನಿದೆ? ಕಪಾಟಲ್ಲಿ ಎಲ್ಲಾ ಇದ್ದೇ ಇರ್ತಿತ್ತಲ್ಲ, ಒಂದೊಂದು." ನಗುತ್ತ ಕೈ ಚಾಚಿ ನನ್ನ ಬೂಟಿನ ತುದಿ ಮುಟ್ಟಿದ. "ನಿನಗೆ ಗೊತ್ತೇ ಆಗ್ತಿರಲಿಲ್ಲ, ಗ್ಲೆನ್."

ನನ್ನ ನೋವಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದ. ಕಪಾಟಿನಲ್ಲಿ ಚುಕ್ಕೆಯಿಲ್ಲದ ಬೆನ್ನುಗಳು ಅತ್ತಿತ್ತ ವಾಲಿಕೊಂಡು ಆರಾಮವಾಗಿ ನಿಂತಿದ್ದವು. ಜಾಗ ಬೇಕಾದಷ್ಟಿತ್ತು. ನನ್ನನ್ನು ತೆಗೆದಿಟ್ಟರೂ ಮನೆ ಹೀಗೆಯೇ ಕಾಣುತ್ತದೆ ಎನಿಸಿತು: ಹಿತ್ತಾಳೆ ವಾದ್ಯ ಇರುತ್ತದೆ, ತೋಟಗಾರಿಕೆ ಇರುತ್ತದೆ, ಬಂದವರು ಕೋಟು ಬಿಚ್ಚುತ್ತ ನೋಡಿ, ಪರವಾಗಿಲ್ಲ, ಎಲ್ಲ ಇದೆ ಎನ್ನುತ್ತಾರೆ.

"ಏನು ಕೇಳೋದು ಅಂದ್ಯಲ್ಲ" ಎಂದ ಡೆಸ್. ಟೇಪನ್ನು ಬದಿಗಿಟ್ಟು ಎದ್ದು ನಿಂತ. ಮಂಡಿ ಲಟಕ್ಕೆಂದಿತು. ಪಾರ್ಸಲ್‌ನವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವನ ಕಿವಿಗಳು ಕೆಂಪಾಗಿದ್ದವು. "ಮದುವೆ ಆಗೋಣ. ಸೋಮವಾರ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಸರು ಕೊಡೋಣ. ಮನೆಗೂ ನಿನ್ನ ಹೆಸರು ಸೇರಿಸ್ತೀನಿ. ಅರ್ಧ ನಿಂದು. ಬರವಣಿಗೆಯಲ್ಲಿ."

"ಅಯ್ಯೋ ದೇವ್ರೇ" ಎಂದಳು ಪಾರ್ಸಲ್‌ನವಳು. ಕಿವಿಯ ಸಿಗರೇಟನ್ನು ತೆಗೆದು ಬೆರಳಲ್ಲಿ ತಿರುಗಿಸಿದಳು. "ನಾನು ಗಾಡೀಲಿ ಕಾಯ್ಲಾ, ಇಲ್ಲೇ ಇರ್ಲಾ?"

ಅವಳು ಇಲ್ಲೇ ಇದ್ದಳು.

ಸೂರು. ಬರವಣಿಗೆಯಲ್ಲಿ. ನಾರ್ಮಾ ಇಲ್ಲಿದ್ದಿದ್ದರೆ ನನ್ನ ಬೆನ್ನಿಗೆ ಗುದ್ದಿ ಹೂಂ ಎನಿಸುತ್ತಿದ್ದಳು. ಮನೆಗಾಗಿ ಕಾಯುವವರು ಕೂರುವ ಕೌನ್ಸಿಲ್ ಕಚೇರಿಯ ಪ್ಲಾಸ್ಟಿಕ್ ಕುರ್ಚಿಗಳು ಕಣ್ಣ ಮುಂದೆ ಬಂದವು, ನಾರ್ಮಾಳ ಮನೆಯ ಮಡಚುವ ಹಾಸಿಗೆ ಬಂತು, ಅದರ ಮಧ್ಯದ ಕಬ್ಬಿಣದ ಪಟ್ಟಿ ಬಂತು. ಬಗ್ಗಿದೆ. ನೆಲದ ಮೇಲಿದ್ದ ನನ್ನವುಗಳನ್ನು ಪೆಟ್ಟಿಗೆಗೆ ಹಾಕಿ, ಮುಚ್ಚಳದ ರೆಕ್ಕೆಗಳನ್ನು ಒಂದರೊಳಗೊಂದು ಸಿಕ್ಕಿಸಿ, ಪೆಟ್ಟಿಗೆಯನ್ನು ಎತ್ತಿ ಸೊಂಟಕ್ಕೆ ಒತ್ತಿ ಹಿಡಿದೆ. ನೆನೆಸಿದ್ದಕ್ಕಿಂತ ಭಾರವಿತ್ತು.

ಪಾರ್ಸಲ್‌ನವಳು ಎರಡೂ ಕೈ ಚಾಚಿದಳು. ಅವಳಿಗೆ ಕೊಡಲಿಲ್ಲ.

"ಏನಂತೀಯ, ಗ್ಲೆನ್?" ಡೆಸ್ ನಗುತ್ತಿದ್ದ. ಉತ್ತರ ಗೊತ್ತಿರುವವನ ನಗು.

"ಇಲ್ಲ" ಅಂದೆ. "ನಾನು ನಿನ್ನನ್ನ ಮದುವೆ ಆಗಲ್ಲ."