ಕೂತರೆ ಖಾಲಿ

ಚೆಂಡುಹೂವಿನ ವಾಸನೆ — ಬಾಗಿಲಿಗೆ ಕಟ್ಟಿದ ತೋರಣದ್ದು, ಎಸಿ ಗಾಳಿಗೆ ತಣ್ಣಗಾಗಿ ಮೂಗಿಗೆ ಬರುತ್ತಿದೆ, ಅವ್ವನ ಕೈ ವಾಸನೆ ಇದು, ಅಂದುಕೊಂಡಳು ಸುಧಾಮಣಿ, ಎಷ್ಟು ಸೋಪು ಉಜ್ಜಿದರೂ ಹೋಗದ ವಾಸನೆ, ಹಂಗಳದ ಕಾಡಂಚಿನ ಹೂವಿನ ಹೊಲದಲ್ಲಿ ಈ ಹೊತ್ತಿಗೆ ಎರಡನೇ ಸಾಲು ಕಳೆ ಕಿತ್ತು ಮುಗಿಸುತ್ತಿರುತ್ತಾಳೆ, ಹನ್ನೊಂದಾಯಿತಲ್ಲ, ಇಲ್ಲಿ ಚಾಮರಾಜನಗರದ ಹೊಸ ಕಟ್ಟಡದಲ್ಲೂ ಹನ್ನೊಂದಕ್ಕೆ ಸರಿಯಾಗಿ ಕಾರ್ಯಕ್ರಮ ಎಂದು ಕಾರ್ಡಿನಲ್ಲಿ ಹಾಕಿಸಿದ್ದರು, ಮೈಕು ಮಾತ್ರ ಇನ್ನೂ ಹಲೋ ಹಲೋ ಎನ್ನುತ್ತಿದೆ. ಎದೆಗೆ ಸಿಕ್ಕಿಸಿದ ರಿಬ್ಬನ್ ಹೂವಿನ ಪಿನ್ನು ಸೀರೆ ದಾಟಿ ಚರ್ಮಕ್ಕೆ ಚುಚ್ಚುತ್ತಿದೆ, ತೆಗೆಯುವ ಹಾಗಿಲ್ಲ, ಮೊದಲ ಸಾಲಿನ ಕುರ್ಚಿ, ಕಂಪನಿಯ ಮೊದಲ ಆರು ಜನರಲ್ಲಿ ಒಬ್ಬಳು, ಸನ್ಮಾನ ಬೇರೆ ಇದೆ, ಶಾಲು, ಹಣ್ಣಿನ ಬುಟ್ಟಿ, ಬುಟ್ಟಿಯ ಸೇಬುಗಳಿಗೆ ಆಗಲೇ ಇರುವೆ ಹತ್ತಿದೆ. ಎದುರಿಗೆ ಗೋಡೆಯಷ್ಟಗಲದ ಪರದೆ, ಅದರಲ್ಲಿ ಕಂಪನಿಯ ಹೆಸರು ನಿಚ್ಚಳ ಎಂದು ತಿರುಗುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿ ಹಂಗಳದ ಹೊಲವನ್ನೇ ನೇರವಾಗಿ ತೋರಿಸುತ್ತಾರಂತೆ, ಯಾವ ಹೊಲ, ಯಾವ ಕಂಬದ ಕ್ಯಾಮೆರಾ, ಕೇಳಿದ್ದಳು, ಎಂಜಿನಿಯರ್ ಗಿರೀಶ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ಏಳನೇ ಕಂಬ ಕಣಕ್ಕ, ಅಲ್ಲಿ ಚೆಂಡುಹೂ ಚೆನ್ನಾಗಿ ಬುಟ್ಟದೆ, ಬಂದೋರಿಗೆ ನೋಡಕ್ಕೂ ಲಕ್ಷಣವಾಗಿರ್ತದೆ, ಎಂದಿದ್ದ. ಏಳನೇ ಕಂಬ ಅಂದರೆ ಅವ್ವ ಕೂಲಿಗೆ ಹೋಗುವ ಹೊಲ.

ಆರು ಜನ, ಆರು ಕಂಪ್ಯೂಟರು, ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಮೇಲಿನ ಒಂದೇ ಕೋಣೆ — ಕೆಳಗೆ ಲಾರಿಯಿಂದ ಮೂಟೆ ಇಳಿಸಿದರೆ ಮೇಲೆ ಎಲ್ಲರ ಕಣ್ಣಲ್ಲೂ ನೀರು, ಕಂಪನಿ ಶುರುಮಾಡಿದ ಕನಕರಾಜು ಆಗಿನ್ನೂ ಸರ್ ಆಗಿರಲಿಲ್ಲ, ಬೈಕಿನ ಹಿಂದೆ ಬ್ಯಾಟರಿ ಕಟ್ಟಿಕೊಂಡು ಬಂದು ತಾನೇ ಹೊತ್ತು ಮೆಟ್ಟಿಲು ಹತ್ತುತ್ತಿದ್ದ, ಬಾಳ ಸುಲಭದ ಕೆಲಸ ಕಣ್ ಸುಧಕ್ಕ, ಚಿತ್ರ ಬತ್ತದೆ, ಏನದೆ ಅಂತ ನೋಡಿ ಬಟನ್ ಒತ್ತಾದು, ಮಕ್ಳಿಗೆ ಇದು ಕಾಗೆ ಇದು ಗುಬ್ಬಿ ಅಂತ ತೋರ್ಸಕಿಲ್ವಾ, ಹಂಗೇ ಮಿಷನ್ನಿಗೂ ತೋರ್ಸಾದು, ಎಂದಿದ್ದ. ಹಾಗೆ ತೋರಿಸಿದರು, ದಿನಕ್ಕೆ ಸಾವಿರ, ಸಾವಿರದ ಐನೂರು, ಕಾಡಂಚಿನ ಕಂಬಗಳ ಕ್ಯಾಮೆರಾ ಕಳಿಸುವ ಚಿತ್ರ, ನಾಲ್ಕೇ ಬಟನ್ನು, ಆನೆ, ದನ, ಮನುಷ್ಯ, ಖಾಲಿ. ಆರು ಕಂಪ್ಯೂಟರು ಹದಿನೆಂಟಾಯಿತು, ಮಂಡಿಯ ಮೇಲೆ ಜಾಗ ಸಾಲದೆ ಊಟಿ ರಸ್ತೆಯ ಕಲ್ಯಾಣಮಂಟಪದ ಊಟದ ಹಾಲಿಗೆ ಹೋದರು, ಅರವತ್ತಾಯಿತು, ಕೇರಳದ ತೋಟಗಳಿಂದ ಕೆಲಸ ಬಂತು, ಹೊರದೇಶದಿಂದ ಬಂತು, ಕನಕರಾಜು ಕೋಟು ಹಾಕಲು ಕಲಿತ, ಸುಧಕ್ಕ ಹೋಗಿ ಸುಧಾಮಣಿಯವರೇ ಆಯಿತು, ಈಗ ಇದು, ನೂರ ನಲವತ್ತು ಕುರ್ಚಿಯ ಗಾಜಿನ ಕಟ್ಟಡ. ಬಟನ್ ಒತ್ತುವವರೂ ಇನ್ನು ಹೆಚ್ಚು ಬೇಡವಂತೆ, ಮಿಷನ್ನೇ ನೋಡುತ್ತದೆ, ತಾನೇ ಗುರುತು ಹಾಕುತ್ತದೆ, ಹಾಕಿದ ಗುರುತಿನಿಂದ ತಾನೇ ಮತ್ತಷ್ಟು ಕಲಿಯುತ್ತದೆ. ಮಗು ಬೆಳೆಯಿತು ಎಂದು ಸಂತೋಷಪಡಬೇಕು. ಆದರೆ ಆ ಮಗುವಿಗೆ ಏನು ಕಲಿಸಿದ್ದೇವೆ ಎನ್ನುವುದು ಕಲಿಸಿದವರಿಗೆ ಗೊತ್ತು.

ಲಾಂಟಾನದ ಪೊದೆ, ಬೆಳಗಿನ ಮಂಜು, ಕೂತ ಹೆಂಗಸು — ಆ ಚಿತ್ರ, ಎಲ್ಲದಕ್ಕೂ ಮೊದಲಿನದು, ಮಂಡಿಯ ಕೋಣೆಯಲ್ಲಿ ಪಕ್ಕದ ಕುರ್ಚಿಯ ಬೃಂದಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಅಕ್ಕಾ, ಇಲ್ನೋಡು, ನಿಮ್ಮೂರ ಸೊಪ್ಪಿನ ಚಿಕ್ಕಬಸಮ್ಮ ಕಣಕ್ಕ, ಎಂದಳು. ಹೌದು, ಅವಳೇ, ಚೊಂಬು ಪಕ್ಕದಲ್ಲಿದೆ, ಸೀರೆ ಮೇಲಕ್ಕೆತ್ತಿದೆ, ಊರಲ್ಲಿ ಕಕ್ಕಸು ಕಟ್ಟಿಸಿಕೊಟ್ಟಿದ್ದರು, ನೀರು ಯಾರು ತಂದು ಹುಯ್ಯಬೇಕು, ಕಂಬದ ಮೇಲೊಂದು ಕಣ್ಣಿದೆ ಎಂದು ಚಿಕ್ಕಬಸಮ್ಮನಿಗೆ ಯಾರು ಹೇಳಿದ್ದರು. ಮನುಷ್ಯ ಎಂದು ಒತ್ತಿದರೆ ಆ ಚಿತ್ರ ಪಕ್ಕದ ಮೇಜಿಗೆ ಹೋಗುತ್ತದೆ, ಅಲ್ಲಿ ಸರಿಯಿದೆಯೇ ಎಂದು ನೋಡುವವರು ಎಲ್ಲಾ ಗಂಡಸರು, ದೊಡ್ಡ ಪರದೆ, ಚಿತ್ರವನ್ನು ಹಿಗ್ಗಿಸಿ ನೋಡುತ್ತಾರೆ, ಸೋಮೇಶ್ ಎನ್ನುವವನಂತೂ ಏನು ಕಂಡರೂ ನಗುವವನು. ಖಾಲಿ ಎಂದು ಒತ್ತಿದರೆ ಯಾರಿಗೂ ಹೋಗುವುದಿಲ್ಲ, ಮಿಷನ್ನಿಗೆ ಒಮ್ಮೆ ತೋರಿಸಿ, ಜಾಗ ಉಳಿಯಲಿ ಎಂದು ರಾತ್ರಿಗೇ ಅಳಿಸಿಬಿಡುತ್ತಾರೆ. ಇವಳು ಖಾಲಿ ಒತ್ತಿದಳು. ಎಷ್ಟು ಹಗುರವಾಯಿತು ಅವತ್ತು, ಒಬ್ಬ ಹೆಂಗಸಿನ ಮಾನ ಉಳಿಸಿದೆ ಎಂದು ಬಸ್ಸಿನಲ್ಲಿ ಹಂಗಳದವರೆಗೂ ಒಬ್ಬಳೇ ನಕ್ಕಿದ್ದಳು. ಆಮೇಲೆ ಅದು ಹೆಂಗಸರ ನಡುವಿನ ಕಟ್ಟಲೆಯಾಯಿತು, ಹೊಸದಾಗಿ ಸೇರಿದ ಪ್ರತಿಯೊಬ್ಬಳಿಗೂ ಸುಧಾಮಣಿಯೇ ಕಿವಿಯಲ್ಲಿ ಹೇಳುತ್ತಿದ್ದಳು, ನೋಡಮ್ಮಿ, ಕೂತಿದ್ರೆ ಖಾಲಿ ಒತ್ತು, ಯಾರು ಏನು ಅಂತ ನೋಡಕ್ಕೆ ಹೋಗ್ಬ್ಯಾಡ, ಕೂತಿದ್ರೆ ಖಾಲಿ. ಯಾರೂ ನೋಡಲು ಹೋಗಲಿಲ್ಲ, ಬೆರಳಿಗೆ ಅಭ್ಯಾಸವಾಗಿಹೋಯಿತು, ಬೀಡಿ ಹಚ್ಚಲು ಕೂತವನು, ಕಳೆ ಕೀಳಲು ಕೂತವಳು, ಮುಳ್ಳು ತೆಗೆಯಲು ಕೂತವಳು, ಎಲ್ಲಾ ಖಾಲಿ, ಐದು ವರ್ಷ, ಎಷ್ಟು ಸಾವಿರವೋ, ಮಣ್ಣಿನ ಕೆಲಸ ಮಾಡುವವರು ಮುಕ್ಕಾಲು ಹೊತ್ತು ಕೂತೇ ಇರುತ್ತಾರೆ ಎನ್ನುವುದು ಹೊಲದಲ್ಲೇ ಹುಟ್ಟಿ ಬೆಳೆದ ಇವಳಿಗೆ ಹೊಳೆಯಬಾರದೇ, ಹೊಳೆಯಲಿಲ್ಲ, ಕಂಪ್ಯೂಟರಿನ ಮುಂದೆ ಕೂತ ಮೇಲೆ ಬುದ್ಧಿಗೂ ಎಸಿ ಹತ್ತಿತ್ತು.

ಹೊಳೆದದ್ದು ಹೋದ ತಿಂಗಳು. ಊರು ಗೊತ್ತಿರುವವಳು ಎಂದು ಗಿರೀಶ್ ಏಳನೇ ಕಂಬದ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದ, ಬದುವಿನ ಮೇಲೆ ಅವನು ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ, ಇವಳು ಹೊಲದೊಳಗೆ ನಡೆದಳು, ಚಿತ್ರದಲ್ಲಿ ಇವಳ ಸುತ್ತ ಹಸಿರು ಚೌಕ, ಮನುಷ್ಯ, ಸರಿ ಅದೆ ಕಣಕ್ಕ, ಎಂದು ಕೂಗಿದ, ಚಪ್ಪಲಿಗೆ ಮುಳ್ಳು ಹೊಕ್ಕಿತು, ಕೂತಳು, ಅಯ್ ಮಾಯ ಆಗ್ಬುಟ್ರಲ್ಲಕ್ಕ, ಎಂದು ನಕ್ಕ, ಎದ್ದಳು, ಹಸಿರು ಚೌಕ, ಕೂತಳು, ಏನಿಲ್ಲ, ಇವಳಿದ್ದ ಜಾಗದಲ್ಲಿ ಬರೀ ಹೂವು. ಮುಳ್ಳು ಕಾಲಲ್ಲೇ ಇತ್ತು, ನೋವು ತಿಳಿಯಲಿಲ್ಲ, ಚಿಕ್ಕಬಸಮ್ಮನ ಚಿತ್ರ ಕಣ್ಣಿಗೆ ಕಟ್ಟಿತು. ಆನೆ ಕಂಡು, ಮನುಷ್ಯನೂ ಕಂಡರೆ ಮಾತ್ರ ಕಂಬದ ಸೈರನ್ನು ಕೂಗುತ್ತದೆ, ಸುಮ್ಮಸುಮ್ಮನೆ ಕೂಗಿ ಆನೆಯನ್ನು ಕೆಣಕುವುದು ಬೇಡ ಎಂದು ಹಾಗೆ ಮಾಡಿದ್ದರು, ಅದನ್ನು ಕೈಯಲ್ಲಿ ಒತ್ತಿ ಕೂಗಿಸುವ ಬಟನ್ನನ್ನೂ ತೆಗೆದಿದ್ದರು, ಮನುಷ್ಯರ ಕೈ ಬೇಕಾಗಿಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂದು ಕಾರ್ಡಿನಲ್ಲೂ ಹಾಕಿಸಿದ್ದಾರೆ. ಕನಕರಾಜುವಿನ ಕೋಣೆಗೆ ಎರಡು ಸಲ ಹೋಗಿ ಎರಡು ಸಲವೂ ಬಾಯಿ ಬಾರದೆ ವಾಪಸು ಬಂದಳು, ಆ ವಿಷಯವನ್ನು ಗಂಡಸಿನ ಮುಂದೆ ಯಾವ ಮಾತಿನಲ್ಲಿ ಹೇಳುವುದು, ಮೂರನೇ ಸಲ, ಸರ್ ಕೂತಿರೋರು ಅದಕ್ಕೆ ಕಾಣಕಿಲ್ಲ, ಎಂದಳು, ಸುಧಾಮಣಿಯವರೇ, ತೊಂಬತ್ತೆಂಟು ಪರ್ಸೆಂಟ್ ಬಂದದೆ, ಇನ್ನೆರಡ್ರಲ್ಲಿ ಅದೂ ಒಂದು ಬುಡಿ, ಎಂದ, ಅಲ್ಲ ಸರ್, ನಾವೇ ಕಲಿಸಿದ್ದು, ಬೇಕೂಂತ ಖಾಲಿ ಒತ್ತಿದ್ದು, ನಾನೇ ಎಲ್ಲಾರ್ಗೂ ಹೇಳ್ಕೊಟ್ಟಿದ್ದು, ಅಂದಾಗ ಎದ್ದು ಬಾಗಿಲು ಹಾಕಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಚಿತ್ರ ಎಲ್ಲವೆ ಈಗ, ತಿದ್ದನ ಅಂದ್ರೆ ಖಾಲಿ ಅಂದಿದ್ದೆಲ್ಲಾ ಅಳಿಸ್ಬುಟ್ಟಿವಲ್ಲ, ಮಿಷನ್ ಕಲ್ತಿದ್ದನ್ನ ಹೊರಕ್ಕೆ ತೆಗಿಯಾಕಾಯ್ತದಾ, ಹೊಸದಾಗಿ ಶುರು ಮಾಡಿದ್ರೆ ಎರಡು ವರ್ಷ, ಉದ್ಘಾಟನೆ ಮುಗೀಲಿ ಕಣಕ್ಕ, ಯಾರ್ಗೂ ಹೇಳ್ಬ್ಯಾಡ — ಎಷ್ಟೋ ವರ್ಷದ ಮೇಲೆ ಅಕ್ಕ ಎಂದಿದ್ದ, ಅದಕ್ಕೇ ಇರಬೇಕು, ಇವಳು ತಲೆಯಾಡಿಸಿ ಬಂದಳು. ಮನೆಯಲ್ಲಿ ಅವ್ವನಿಗೆ ಹೇಳಿದಳು, ಅವ್ವಾ, ಕುಂತ್ಕೊಂಡು ಕಳೆ ಕೀಳಬ್ಯಾಡ, ಆಗಾಗ ಎದ್ದು ನಿಂತ್ಕೋ, ಆಳು ಕಾವಲಿಗಿಟ್ಕೊಳ್ಳಿ ಮೊದ್ಲಿನಂಗೆ. ಅವ್ವ ಬಾಯ್ತುಂಬ ನಕ್ಕಳು, ಕಳೇನ ನಿಂತ್ಕೊಂಡು ಕೀಳಾದ್ ಹೆಂಗಮ್ಮಿ, ನಿನ್ ಕಂಪ್ನಿಯೋರು ನೋಡ್ಲಿ ಅಂತ ಎದ್ದೆದ್ದು ಕುಣೀಲಾ, ಮುಂಚೆ ತಗಡು ಬಡ್ಕೊಂಡು ಬದೀಗೊಬ್ಳು ಕಾಯ್ತಿದ್ಲು, ಈಗ ನಿನ್ ಮಿಷನ್ ಅದಲ್ಲ, ಅವ್ಳೂ ಕಳೆ ಕೀಳ್ತಳೆ, ನನ್ ಮಗ್ಳು ಕಾಯ್ತಳೆ ಬುಡ್ರವ್ವಾ ಅಂತ ನಾನೇ ಹೇಳಿವ್ನಿ. ನನ್ ಮಗಳು ಕಾಯ್ತಳೆ.

ಚಪ್ಪಾಳೆ. ಪರದೆ ಬೆಳಗಿತು, ಹಳದಿ, ಬರೀ ಹಳದಿ, ಚೆಂಡುಹೂವಿನ ಸಾಲು ಸಾಲು, ಆಚೆ ಕಾಡಿನ ಕಪ್ಪು ಗೆರೆ, ಕನಕರಾಜು ಮೈಕಿನಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಿದ್ದಾನೆ, ನೀವೀಗ ನೋಡುತ್ತಿರುವುದು ನಮ್ಮ ಹೆಮ್ಮೆಯ, ಇವಳ ಕಣ್ಣು ಹುಡುಕುತ್ತದೆ, ಇಲ್ಲ, ಯಾರೂ ಇಲ್ಲ, ಉಳಿದವರು ಹೊಂಗೆ ಮರದ ಕೆಳಗೆ ತಿಂಡಿಗೆ ಹೋಗಿರಬೇಕು, ಅವ್ವನೂ ಹೋಗಿರಲಿ, ಮಾದಪ್ಪ ದೇವರೇ, ಅವಳೂ ಹೋಗಿರಲಿ — ಬಲಮೂಲೆ, ಹೂವಿನ ಮಧ್ಯೆ ಒಂದು ನೀಲಿ ಚುಕ್ಕೆ. ಕಂಪನಿಯ ಮೊದಲ ವರ್ಷದ ಅಂಗಿ, ಇವಳೇ ಕೊಟ್ಟದ್ದು, ಸೀರೆಯ ಮೇಲೆ ತೊಟ್ಟು ಕೂಲಿಗೆ ಹೋಗುತ್ತಾಳೆ, ತಲೆಗೆ ಚೌಕಳಿ ಟವೆಲ್ಲು, ಬಗ್ಗಿದ ಬೆನ್ನು, ಮುಖ ಮಣ್ಣಿನ ಕಡೆ, ಕಾಡಿನ ಕಡೆ ಇಲ್ಲ, ಕಿವಿ ಮೊದಲೇ ಮಂದ, ಸಾಲು ಮುಗಿಸಿಯೇ ಏಳುವ ಹಟದವಳು, ಕೂತೇ ಮುಂದಕ್ಕೆ ಜರುಗುತ್ತಿದ್ದಾಳೆ. ಅವಳ ಸುತ್ತ ಚೌಕವಿಲ್ಲ. ಬದುವಿನ ಮೇಲಿನ ಎಮ್ಮೆಗೆ ಚೌಕವಿದೆ, ದನ, ಒಂದು. ಆಗ ಕಪ್ಪು ಗೆರೆಯಿಂದ ಸ್ವಲ್ಪ ಕಪ್ಪು ಬೇರೆಯಾಗಿ ಹೊರಗೆ ಬಂತು, ಕೆಂಪು ಚೌಕ, ಆನೆ, ಒಂದು, ಹಾಲಿನಲ್ಲಿ ಓ ಎಂಬ ಸಂತೋಷದ ಸದ್ದು, ಯಾರೋ ಫೋನು ಎತ್ತಿ ಹಿಡಿದರು, ಕೆಳಗೆ ಅಕ್ಷರ ಮೂಡಿತು, ಆನೆ ೧, ದನ ೧, ಮನುಷ್ಯ ೦. ನೋಡಿ, ಎಂದ ಕನಕರಾಜು, ಅವನ ಹಣೆಯಲ್ಲಿ ಬೆವರು, ಸದ್ಯ ಅಲ್ಲಿ ಯಾರೂ ಇಲ್ಲ, ಆದ್ದರಿಂದ ಸೈರನ್ ಮೊಳಗುವುದಿಲ್ಲ, ಆನೆಗೂ ತೊಂದರೆಯಿಲ್ಲ. ಮತ್ತೆ ಚಪ್ಪಾಳೆ. ಅಲ್ಲಿ ನಮ್ಮವ್ವ ಅವಳೆ, ಎಂದಳು ಸುಧಾಮಣಿ, ಎದ್ದು ನಿಂತಿದ್ದಳು, ಪಿನ್ನು ಒಳಕ್ಕಿಳಿಯಿತು, ಗಿರೀಶ್, ಕೂಗ್ಸೋ ಅದ್ನ, ಸೈರನ್ನು ಕೂಗ್ಸೋ, ಗಿರೀಶನ ಬೆರಳು ಕೀಲಿಮಣೆಯ ಮೇಲೆ ಸುಮ್ಮನೆ ಅಲೆಯುತ್ತಿದೆ, ಬಟನ್ನಿಲ್ಲ ಕಣಕ್ಕ, ಬಟನ್ನೇ ಇಲ್ಲ, ಎನ್ನುತ್ತಿದ್ದಾನೆ, ಅವ್ವನಿಗೆ ಫೋನು ಮಾಡಿದಳು, ರಿಂಗಾಗುತ್ತಿದೆ, ಹೊಂಗೆ ಮರದ ಕೊಂಬೆಗೆ ನೇತುಹಾಕಿದ ಚೀಲದಲ್ಲಿ, ಬುತ್ತಿಯ ಪಕ್ಕ, ರಿಂಗಾಗುತ್ತಲೇ ಇದೆ, ಇಲ್ಲಿಂದ ಹೊಲಕ್ಕೆ ಐವತ್ತು ಕಿಲೋಮೀಟರು, ಕೆಂಪು ಚೌಕ ಒಂದು ಸಾಲು ದಾಟಿತು, ಇನ್ನೊಂದು ದಾಟಿತು, ಎದ್ದೇಳವ್ವಾ, ಒಂದ್ಸಲ ಎದ್ದು ನಿಲ್ಲು, ಸೊಂಟ ನೋಯಕಿಲ್ವಾ ನಿಂಗೆ, ಟವೆಲ್ ಕೊಡವಕ್ಕಾದ್ರೂ ಏಳವ್ವಾ, ನಿಂತ್ರೆ ಕಾಣ್ತೀಯ, ನಿಂತ್ರೆ ಮನುಷ್ಯಳು, ನಾನೇ ಒತ್ತಿದ್ದು ಕಣವ್ವಾ — ಹಳದಿ, ನೀಲಿ ಅಂಗಿಯ ಬೆನ್ನು, ಸುತ್ತ ಚೌಕವಿಲ್ಲದ ಬೆನ್ನು, ಮುಂದಿನ ಬುಡಕ್ಕೆ ಕೈ ಹಾಕಿದೆ, ಏಳುತ್ತಿಲ್ಲ, ಕೂತೇ ಇದೆ, ಕೂತೇ