ಹೊಂಬಾಳಮ್ಮ ಸುತ್ತಿಕೊಂಡು ಹೋದ ಸಭೆ

೧
ಎಲ್ಲಿಂದ ಶುರು ಮಾಡಲಿ? ಬೊಹೀಮಿಯಾದಿಂದಲೋ, ಹಲಗೂರಿನಿಂದಲೋ? ಐನೂರು ಚಿಲ್ಲರೆ ವರ್ಷದ ಹಿಂದೆ ಬೊಹೀಮಿಯಾದಲ್ಲಿ ಯಾನ್ ಹುಸ್ ಎಂಬ ಪಾದ್ರಿ, ಸಭೆಗೆ, ಅಂದರೆ ಚರ್ಚಿಗೆ, ತಲೆ ಕ್ರಿಸ್ತ, ಪೋಪನಲ್ಲ; ದೇವರು ಆರಿಸಿಕೊಂಡ ಜನವೇ ಸಭೆ ಅಂದ. ಅದಕ್ಕೇ ಅವನನ್ನು ಸುಟ್ಟರು. (ಬೊಹೀಮಿಯಾ ಎಲ್ಲಿದೆಯೋ ಗೊತ್ತಿಲ್ಲ. ಭೂಗೋಳದ ಪಾಠಕ್ಕೆ ಮೊದಲೇ ಸ್ಕೂಲು ಬಿಟ್ಟೆ.) ಈ ಡ್ರಾಫ್ಟು ಹೊಡೆದುಹಾಕಿ. ಹಲಗೂರು.

೨
೧೯೪೨. ಹಲಗೂರಿನ ಪಕ್ಕದ ಕೇರಿಯಲ್ಲೊಂದು ಕ್ರೈಸ್ತರ ಹೆಂಚಿನ ದೇವಾಲಯ. ಅಲ್ಲಿ ಸಭೆ ನಡೆಸುವ ಉಪದೇಶಿ ಅಂಕಯ್ಯ ಒಂದು ಭಾನುವಾರ ಹುಸ್‌ನ ಕತೆಯನ್ನು ಕಣ್ಣೀರು ಹಾಕಿಕೊಂಡು ಹೇಳಿದ. "ಸಭೆ ಅಂದ್ರೆ ಹೆಂಚಲ್ಲ, ಜನ!" ಮರುವಾರವೇ ಕೇರಿಯ ವಿಧವೆ ಹೊಂಬಾಳಮ್ಮನ ಹೆಸರನ್ನು ಸಭೆಯ ರಿಜಿಸ್ಟರಿನಿಂದ ಹೊಡೆದುಹಾಕಿದ. ಅವಳ ತಪ್ಪು: ಬೆಳಕವಾಡಿಯ ತಂಗಿ ಮನೆಯಲ್ಲಿ ಊರದೇವತೆ ಪಟ್ಟಲಮ್ಮನಿಗೆ ಕುಯ್ದ ಕೋಳಿಯ ಸಾರು ಉಂಡದ್ದು. ಇನ್ನು ಅವಳಿಗೆ ದೇವಾಲಯದಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿಯಿಲ್ಲ. ಸತ್ತರೆ ಗಂಡನ ಪಕ್ಕ ಮಣ್ಣೂ ಇಲ್ಲ.

೩
ಹೊಂಬಾಳಮ್ಮ ಗೋಳೋ ಎಂದು ಅತ್ತಳು.

"ಯಾವಳ್ಲಾ ಅತ್ತೋಳು?" (ಅವಳೇ. ನನ್ನ ಹಾಳೆಗೇ ಕೈ ಹಾಕಿದ್ದಾಳೆ.) "ಚಾಪೆ ಸುತ್ತುದ್ಲು ಅಂತ ಬರಿ."

ಸರಿ ಕಣಮ್ಮ. ದೇವಾಲಯದ ಹನ್ನೊಂದು ಈಚಲು ಚಾಪೆಗಳನ್ನೂ ಹೆಣೆದುಕೊಟ್ಟವಳು ಅವಳೇ. ಸುತ್ತಿದಳು, ಹೊತ್ತಳು, ತನ್ನ ಮನೆ ಮುಂದಿನ ಹೊಂಗೆ ಮರದಡಿ ಹಾಸಿದಳು.

೪
ಭಾನುವಾರ ಗಂಟೆ ಹೊಡೆಯಿತು. ಜನ ಬಂದರು. ಬರಿ ನೆಲ ನೋಡಿದರು, ತಮ್ಮ ಬಿಳಿ ಪಂಚೆ ನೋಡಿಕೊಂಡರು, ಹೊಂಗೆ ಮರದಡಿ ಹೋಗಿ ಕೂತರು. (ನಂಬಿಕೆಯಿಂದ ಹೋದರು ಅಂತ ಬರೆದಿದ್ದೆ. ಸುಳ್ಳು. ಪಂಚೆಗಾಗಿ ಹೋದರು.)

ಅಂಕಯ್ಯ ರಿಜಿಸ್ಟರು ಹಿಡಿದು ಓಡಿಬಂದ. "ಚಾಪೆ ಸಭೇದು ಕಣಮ್ಮ!"

"ಸಭೆ ಅದ್ರು ಮ್ಯಾಲೇ ಕೂತದಲ್ಲಾ ಅಯ್ನೋರೆ. ಎಂಚಲ್ಲ, ಜನ ಅಂದೋರು ನೀವೇಯ."

"ನಿನ್ನೆಸ್ರು ಒಡ್ದಾಕಿವ್ನಿ!"

"ಅಂಗಾರೆ ನಮ್ದೂವೆ ಒಡ್ದಾಕ್ಬುಡಿ," ಅಂದ ಮುದುಕ ಚಿಕ್ಕಮಾದು. "ಮಂಡಿನೋವು, ಎದ್ದು ಬರಕ್ಕಾಗಕಿಲ್ಲ."

೫
ಅಂತ್ಯ ಒಂದು: ಅಂಕಯ್ಯ ರಿಜಿಸ್ಟರು ಹರಿದ. (ಅವನಾ? ಅದನ್ನು ತಲೆದಿಂಬಿನಡಿ ಇಟ್ಟು ಮಲಗುವವನು!)

ಅಂತ್ಯ ಎರಡು: ಮೈಸೂರಿನಿಂದ ದೊಡ್ಡ ಪಾದ್ರಿ ಬಂದು ಇಬ್ಬರಿಗೂ ಬುದ್ಧಿ ಹೇಳಿದರು. (ಥೂ! ನಮ್ಮ ಕೇರಿಗೆ ಬುದ್ಧಿ ಯಾವಾಗಲೂ ಮೈಸೂರಿನಿಂದಲೇ ಬರಬೇಕೇನ್ರೀ?)

೬
ಹೊಂಬಾಳಮ್ಮ ಸರಿದು, ಚಾಪೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಅಂಕಯ್ಯ ಒಂದು ಚಪ್ಪಲಿ ಬಿಟ್ಟ.

"ಕೂತ ಅಂತ ಬರ್ದ್ಬುಡ್ಲಾ, ಒಟ್ಟೆ ಅಸೀತದೆ," ಚಿಕ್ಕಮಾದು ನನಗೆ ಹೇಳಿದ.

"ಬ್ಯಾಡ," ಅಂದಳು ಹೊಂಬಾಳಮ್ಮ. "ನೀ ಬರ್ದ್ರೆ ನೀ ಕೂರ್ಸ್ದಂಗೆ. ಅವ್ರಾಗೇ ಕೂರ್ಲಿ. ಕೂತ್ರೆ ನನ್ನೆಸ್ರು ತಿರ್ಗ ಬರ್ದಂಗೇಯ."

ಪೆನ್ನು ಕೆಳಗಿಟ್ಟಿದ್ದೇನೆ. ಅಂಕಯ್ಯನ ಒಂದು ಕಾಲು ಚಾಪೆಯ ಮೇಲಿದೆ, ಇನ್ನೊಂದು ಚಪ್ಪಲಿಯೊಳಗೆ. ಬಿಸಿಲು ಏರುತ್ತಿದೆ.